ಸೀಟಿಗಿಂತ ಮೊದಲು ತಿಳಿಯಬೇಕಾದದ್ದು
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಆಡಿದ ಮಾತುಗಳು)





ಈಚೆಗೆ ನಮ್ಮ ಕಚೇರಿಗೆ ಬರುವ ಪೋಷಕರು ಒಂದು ಪ್ರಶ್ನೆ ಕೇಳುತ್ತಿದ್ದಾರೆ: "ಮಗಳು ದೆಹಲಿಯ ಮಿರಾಂಡಾ ಹೌಸ್ ಅಥವಾ ಲೇಡಿ ಶ್ರೀರಾಮ್ ಕಾಲೇಜಿಗೆ ಸೇರಬೇಕು ಅನ್ನುತ್ತಾಳೆ. ಕಳಿಸಬಹುದೇ?" ಕಳಿಸಬಹುದು. ಆದರೆ ಆ ತೀರ್ಮಾನವನ್ನು ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ಮಾಡಿದರೆ ತಡವಾಗುತ್ತದೆ. ಪ್ರಥಮ ಪಿಯುಸಿಗೆ ಸೇರುವಾಗಲೇ ಮನೆಯಲ್ಲಿ ಕೂತು ಮಾತಾಡಬೇಕು.

ಮಿರಾಂಡಾ ಹೌಸ್ ಶುರುವಾದದ್ದು 1948ರಲ್ಲಿ, ಲೇಡಿ ಶ್ರೀರಾಮ್ 1956ರಲ್ಲಿ. ಎರಡೂ ದೆಹಲಿ ವಿಶ್ವವಿದ್ಯಾಲಯಕ್ಕೆ ಸೇರಿದ ಮಹಿಳಾ ಕಾಲೇಜುಗಳು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿಯ ಕಾಲೇಜು ವಿಭಾಗದಲ್ಲಿ ಮಿರಾಂಡಾ ಹೌಸ್ 2017ರಿಂದ 2023ರವರೆಗೆ ಸತತವಾಗಿ ಮೊದಲ ಸ್ಥಾನದಲ್ಲಿತ್ತು. ಇತಿಹಾಸ, ಅರ್ಥಶಾಸ್ತ್ರ, ಸಾಹಿತ್ಯ, ತತ್ವಶಾಸ್ತ್ರ, ಗಣಿತದಂಥ ಮೂಲ ವಿಷಯಗಳನ್ನು ಆಳವಾಗಿ ಓದಿಸುವ ಜಾಗಗಳಿವು. ಪದವಿ ಮುಗಿದ ದಿನವೇ ಕೆಲಸ ಸಿಗುತ್ತದೆಂದು ಯಾರೂ ತಿಳಿಯಬಾರದು. ಕಾನೂನು, ಬಿ.ಎಡ್., ಪತ್ರಿಕೋದ್ಯಮ, ಐಎಎಸ್ ಪರೀಕ್ಷೆ, ಸಂಶೋಧನೆ ಇವಕ್ಕೆಲ್ಲ ಇದು ಗಟ್ಟಿ ಬುನಾದಿ. ಅದರ ಮೇಲೆ ಇನ್ನೂ ಓದಬೇಕಾಗುತ್ತದೆ.

ಹೆಣ್ಣುಮಕ್ಕಳನ್ನು ದೂರದ ಊರಿನಲ್ಲಿ ಓದಿಸುವುದು ನಮಗೆ ಹೊಸತೇನಲ್ಲ. ಅಲಿಗಢದಲ್ಲಿ ಶೇಖ್ ಅಬ್ದುಲ್ಲಾ ಮತ್ತು ವಹೀದ್ ಜಹಾಂ ಬೇಗಂ ದಂಪತಿ 1906ರಲ್ಲಿ ಆರಂಭಿಸಿದ ಹುಡುಗಿಯರ ಶಾಲೆಯೇ ಮುಂದೆ ಅಲ್ಲಿನ ಮಹಿಳಾ ಕಾಲೇಜಾಯಿತು. ಅವರ ಮಗಳು ರಶೀದ್ ಜಹಾಂ ಲಖನೌದ ಇಸಾಬೆಲ್ಲಾ ಥೋಬರ್ನ್ ಕಾಲೇಜಿನಲ್ಲಿ, ಆಮೇಲೆ ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ಓದಿ ವೈದ್ಯೆಯಾದರು, ಉರ್ದು ಲೇಖಕಿಯೂ ಆದರು. ಇದು ನೂರು ವರ್ಷದ ಹಿಂದಿನ ಮಾತು.

ಈಗ ಪೋಷಕರು ಗಮನಿಸಬೇಕಾದ ನಾಲ್ಕು ವಿಷಯಗಳು.

ಮೊದಲನೆಯದು, ಪ್ರವೇಶ ಪರೀಕ್ಷೆ. 2022ರಿಂದ ಈ ಕಾಲೇಜುಗಳ ಸೀಟು ಸಿಯುಇಟಿ ಅಂಕದ ಮೇಲೆ ಸಿಗುತ್ತದೆ. ಪಿಯುಸಿಯಲ್ಲಿ ಎಷ್ಟೇ ಅಂಕ ಬಂದರೂ ಸಿಯುಇಟಿ ಬರೆಯದಿದ್ದರೆ ಪ್ರಯೋಜನವಿಲ್ಲ. ಪರೀಕ್ಷೆಯನ್ನು ಕನ್ನಡ, ಉರ್ದು ಸೇರಿ 13 ಭಾಷೆಗಳಲ್ಲಿ ಬರೆಯಬಹುದು. ಆದರೆ ಕಾಲೇಜಿನಲ್ಲಿ ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಕನ್ನಡ, ಉರ್ದು ಮಾಧ್ಯಮದ ಮಕ್ಕಳು ಈ ಎರಡು ವರ್ಷ ಇಂಗ್ಲಿಷ್ ಓದುವ, ಬರೆಯುವ ರೂಢಿ ಮಾಡಿಕೊಳ್ಳಲೇಬೇಕು.

ಎರಡನೆಯದು, ಪಿಯುಸಿ ವಿಷಯಗಳು. ಪಿಯುಸಿಯಲ್ಲಿ ಓದಿದ ವಿಷಯಗಳಲ್ಲೇ ಸಿಯುಇಟಿ ಬರೆದಿರಬೇಕು. ಅರ್ಥಶಾಸ್ತ್ರ ಆನರ್ಸ್‌ಗೆ ಗಣಿತ ಕಡ್ಡಾಯ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ತೆಗೆದುಕೊಂಡ ಹುಡುಗಿ ಎಷ್ಟೇ ಜಾಣೆಯಾದರೂ ಆ ಬಾಗಿಲು ಅವಳಿಗೆ ಮುಚ್ಚಿರುತ್ತದೆ. ಆದ್ದರಿಂದಲೇ ಪ್ರಥಮ ಪಿಯುಸಿಯಲ್ಲೇ ಯೋಚಿಸಿ ಎಂದು ಹೇಳುತ್ತಿದ್ದೇವೆ.

ಮೂರನೆಯದು, ಜಾತಿ ಪ್ರಮಾಣಪತ್ರ. ನಮ್ಮ ಕೈಯಲ್ಲಿರುವ 2ಬಿ ಪ್ರಮಾಣಪತ್ರ ರಾಜ್ಯದ್ದು. ದೆಹಲಿಯಲ್ಲಿ ಒಬಿಸಿ ಸೀಟು ಕೇಳಲು ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಪಂಗಡದ ಹೆಸರಿರಬೇಕು. ಕೇಂದ್ರದ ನಮೂನೆಯಲ್ಲಿ, ಕೆನೆಪದರಕ್ಕೆ ಸೇರಿಲ್ಲವೆಂಬ ಆ ವರ್ಷದ ಪ್ರಮಾಣಪತ್ರ ಬೇಕು. ತಹಶೀಲ್ದಾರರ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಸೀಟು ಹಂಚಿಕೆಯ ದಿನ ಓಡಾಡಿದರೆ ಕಾಗದ ಕೈಗೆ ಸಿಗುವುದಿಲ್ಲ.

ನಾಲ್ಕನೆಯದು, ವಾಸ. ಸೀಟು ಸಿಕ್ಕಿತು ಅಂದರೆ ಹಾಸ್ಟೆಲ್ ಸಿಕ್ಕಿತು ಅಂತಲ್ಲ. ಅದಕ್ಕೆ ಬೇರೆ ಅರ್ಜಿ, ಬೇರೆ ಪಟ್ಟಿ, ಕೊಠಡಿಗಳು ಕಡಿಮೆ. ಸಿಗದಿದ್ದರೆ ಹೊರಗೆ ಪಿಜಿಯಲ್ಲಿ ಇರಬೇಕು. ಬೆಂಗಳೂರಿನಿಂದ ದೆಹಲಿಗೆ ರೈಲಿನಲ್ಲಿ ಎರಡು ರಾತ್ರಿಯ ಪ್ರಯಾಣ, ವಾರಕ್ಕೊಮ್ಮೆ ಹೋಗಿ ನೋಡಿ ಬರುವ ದೂರವಲ್ಲ. ಪಿಜಿ ಆಗಬೇಕಾದರೆ ಯಾರ ಜೊತೆ, ಎಲ್ಲಿ, ಎಷ್ಟು ಬಾಡಿಗೆ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ನಿರ್ಧರಿಸಿ.

ದಾನಿಗಳಲ್ಲಿ ಇಲ್ಲೇ ಒಂದು ವಿನಂತಿ. ಇಂಥ ಕಾಲೇಜುಗಳಲ್ಲಿ ಬೋಧನಾ ಶುಲ್ಕಕ್ಕಿಂತ ಊಟ, ಬಾಡಿಗೆ, ಪ್ರಯಾಣದ ಖರ್ಚೇ ಹೆಚ್ಚು. ಶುಲ್ಕಕ್ಕೆ ಕೊಡುವವರು ಸುಲಭವಾಗಿ ಸಿಗುತ್ತಾರೆ, ರಸೀದಿಯೂ ಸಿಗುತ್ತದೆ. ಎರಡನೇ ವರ್ಷ ಬಾಡಿಗೆ ಕಟ್ಟಲಾಗದೆ ಹುಡುಗಿ ಊರಿಗೆ ಮರಳಿದರೆ ಮೊದಲ ವರ್ಷದ ನಿಮ್ಮ ಹಣವೂ ಅವಳ ಶ್ರಮವೂ ನಷ್ಟ. ಅಷ್ಟೇ ಹಣದಲ್ಲಿ ಊರಿನ ಹತ್ತಿರದ ಕಾಲೇಜುಗಳಲ್ಲಿ ಹಲವು ಹುಡುಗಿಯರನ್ನು ಓದಿಸಬಹುದು ಎಂಬುದೂ ನಿಜ, ಈ ಲೆಕ್ಕ ನಮಗೆ ಗೊತ್ತಿದೆ. ಹಾಗಾಗಿ ದೂರಕ್ಕೆ ಕಳಿಸುವುದಾದರೆ ಒಬ್ಬಳನ್ನೇ ಆದರೂ ಪದವಿ ಮುಗಿಯುವವರೆಗೆ ಕೈಬಿಡದೆ ಓದಿಸೋಣ. ಒಂದೇ ವರ್ಷಕ್ಕೆ ನಿಲ್ಲುವುದಾದರೆ ಆಸೆ ಹುಟ್ಟಿಸುವುದು ಬೇಡ.

ಪೋಷಕರೇ, ಈಗಿನ ಪಠ್ಯಕ್ರಮ ನಾಲ್ಕು ವರ್ಷದ್ದಾದರೂ ಮೂರು ವರ್ಷಕ್ಕೆ ಪದವಿ ಪಡೆದು ಬರಬಹುದು. ಆದ್ದರಿಂದ ಅರ್ಜಿಯ ಜೊತೆ ಕನಿಷ್ಠ ಮೂರು ವರ್ಷದ ಖರ್ಚಿನ ಅಂದಾಜು ಬರೆದುಕೊಡಿ: ಮನೆಯಿಂದ ಎಷ್ಟು, ಬೇರೆ ವಿದ್ಯಾರ್ಥಿವೇತನದಿಂದ ಎಷ್ಟು, ನಮ್ಮಿಂದ ಎಷ್ಟು. ಕಡಿಮೆ ಆದಾಯದವರಿಗೆ ಶುಲ್ಕ ರಿಯಾಯಿತಿ ಇದೆಯೇ ಎಂದು ಕಾಲೇಜಿನಲ್ಲೂ ಕೇಳಿ, ಕೇಳುವುದರಲ್ಲಿ ಸಂಕೋಚವಿಲ್ಲ. ಕಾಲೇಜಿನ ಹೆಸರು ಕೇಳಿ ಕಳಿಸಬೇಡಿ, ದೂರ ಎಂದು ಹೆದರಿ ತಡೆಯಲೂ ಬೇಡಿ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹಾಕಿ. ಓದುವವಳು ಅವಳು, ಮೊದಲ ಮಾತೂ ಅವಳದ್ದಾಗಲಿ.

ನಮ್ಮ ಹೆಣ್ಣುಮಕ್ಕಳ ಓದಿಗೆ ಅಲ್ಲಾಹನು ಬರ್ಕತ್ ನೀಡಲಿ. ಆಮೀನ್.