ದನ ಎಣಿಸುವ ಕಾಯಕ
(ಮುದಗಲ್‌ನ ಶರಣ ಗೋಷ್ಠಿಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚುತ್ತೇವೆ, ಹೋಳಿಗೆ ತಿನ್ನಿಸುತ್ತೇವೆ. ಮರುದಿನದಿಂದ ನಮ್ಮ ದನ ಎಲ್ಲಿ ಮೇಯಿತು, ನೀರು ಕುಡಿಯಿತೋ ಇಲ್ಲವೋ ಎಂದು ಕೇಳುವವರು ಎಷ್ಟು ಮಂದಿ?

ಕಲ್ಯಾಣದ ಶರಣರಲ್ಲಿ ತುರುಗಾಹಿ ರಾಮಣ್ಣನವರಿದ್ದರು. ದನ ಕಾಯುವುದೇ ಅವರ ಕಾಯಕ. 'ಗೋಪತಿನಾಥ ವಿಶ್ವೇಶ್ವರಲಿಂಗ' ಎಂಬ ಅಂಕಿತದಲ್ಲಿ ವಚನ ಬರೆದರು. ದನ ಕಾಯುವವರನ್ನು ಶರಣರ ಸಾಲಿನಲ್ಲಿ ಕೂರಿಸಿದ ಧರ್ಮ ನಮ್ಮದು. ಆದರೆ ಇಂದು ಓದದ ಹುಡುಗನಿಗೆ 'ದನ ಕಾಯಾಕ ಹೋಗು' ಎಂದು ಬೈಯುವವರೂ ನಾವೇ.

ಹೋದ ಬೇಸಿಗೆಯಲ್ಲಿ ಊರ ಗಾಯರಾಣದಲ್ಲಿ ಒಂದು ಆಕಳು ಎರಡು ದಿನ ಬಿದ್ದಿತ್ತು. ಊರ ದನಕ್ಕೆಲ್ಲ ಕಾಯುವವ ಒಬ್ಬನೇ ಮುದುಕ. ಜಾಲಿ ಮರೆಯಲ್ಲಿ ಬಿದ್ದದ್ದು ಅವನ ಮಬ್ಬುಗಣ್ಣಿಗೆ ಕಾಣಲಿಲ್ಲ. ಮನೆಯವರು 'ಎಲ್ಲೋ ಮೇಯ್ತಿರಬೇಕು, ಬರ್ತದ ಬಿಡು' ಎಂದರು. ಸತ್ತ ಮೇಲೆ ಹೊಟ್ಟೆ ಕೊಯ್ದು ನೋಡಿದರೆ ಪ್ಲಾಸ್ಟಿಕ್ ಚೀಲಗಳ ದೊಡ್ಡ ಗಂಟು. ಅದು ನನ್ನ ಮನೆಯ ಆಕಳು. ಹಾಗೆ ಅಂದವನೂ ನಾನೇ.

ಇಂಗ್ಲೆಂಡಿನಲ್ಲಿ ಹೀತ್ ಎಂಬ ಕುರುಚಲು ಬಯಲುಗಳಿವೆ. ಗಿಡಮರ ಬೆಳೆದು ಬಯಲು ಮುಚ್ಚಿಹೋಗಬಾರದೆಂದು ಅಲ್ಲಿನ ಸಂರಕ್ಷಿತ ಪ್ರದೇಶಗಳಲ್ಲಿ ದನ ಮೇಯಿಸುತ್ತಾರೆ. ಸುತ್ತಲಿನ ಸ್ವಯಂಸೇವಕರು ಸರದಿಯಂತೆ ಹೋಗಿ ದನ ಎಣಿಸುತ್ತಾರೆ, ಕುಂಟುವುದನ್ನು ಗುರುತಿಸುತ್ತಾರೆ, ನೀರಿನ ತೊಟ್ಟಿ ನೋಡಿ ಬರುತ್ತಾರೆ. ನಮ್ಮ ಕಲ್ಲುಗುಡ್ಡಗಳ ನಡುವಿನ ಬಯಲೂ ಬಂಜರಲ್ಲ. ನೆರೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದ ಇಂಥದೇ ಕುರುಚಲು ಬಯಲು ತೋಳಗಳ ಧಾಮವಾಗಿದೆ.

ನಾವೂ ವಾರಕ್ಕೆ ಮೂವರಂತೆ ಸರದಿ ಹಾಕಿಕೊಳ್ಳೋಣ. ಮೊದಲು ದನ ಎಣಿಸಬೇಕು. ಬಾಯಲ್ಲಿ ಜೊಲ್ಲು, ಕುಂಟು ನಡಿಗೆ ಕಂಡರೆ ಕಾಲುಬಾಯಿ ಬೇನೆ ಇರಬಹುದು. ಮೈಮೇಲೆ ಗಂಟು ಕಂಡರೆ ಚರ್ಮಗಂಟು ರೋಗ ಇರಬಹುದು. ಅಂಥ ದನವನ್ನು ಬೇರೆ ಕಟ್ಟಿಸಿ 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ವಾಹನ ಬರುತ್ತದೆ. ತೊಟ್ಟಿ ತೊಳೆದು ನೀರು ತುಂಬಿಸಬೇಕು, ಪ್ಲಾಸ್ಟಿಕ್ ಆರಿಸಬೇಕು. ಬಳ್ಳಾರಿ ಜಾಲಿಯ ಕಾಯಿ ತಿಂದ ದನ ಸಗಣಿಯಲ್ಲಿ ಬೀಜ ಬಿತ್ತುತ್ತ ಹೋಗುತ್ತದೆ. ಆದ್ದರಿಂದ ಸಸಿಗಳನ್ನು ಎಳೆಯದರಲ್ಲೇ ಬೇರುಸಹಿತ ಕೀಳಬೇಕು. ಹುಲ್ಲು ಬುಡ ಕಂಡ ಕಡೆ ಮಳೆಗಾಲ ಮುಗಿಯುವವರೆಗೆ ಮೇಯಿಸದೆ ಬಿಡಬೇಕು.

ಎಣಿಕೆಗೆ ಇನ್ನೊಂದು ಬಲವಿದೆ. ನಮ್ಮ ರಾಜ್ಯದ ಭೂಕಂದಾಯ ನಿಯಮದಂತೆ 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ಊರಲ್ಲಿ ದನವೆಷ್ಟು ಎಂದು ಊರಿಗೇ ಗೊತ್ತಿಲ್ಲದಿದ್ದರೆ 'ಈ ಜಾಗ ನಿಮಗ್ಯಾಕೆ' ಎಂದು ಕೇಳುವವರಿಗೆ ಏನು ಉತ್ತರ ಕೊಡುತ್ತೇವೆ? ಒತ್ತುವರಿ ಒಂದು ದಿನದಲ್ಲಿ ಆಗುವುದಿಲ್ಲ. ಯಾರೂ ಹೋಗಿ ನೋಡದ ಜಾಗ ವರ್ಷಕ್ಕೊಂದು ಸಾಲು ಕರಗುತ್ತದೆ. ವಾರವಾರ ಬರೆದಿಟ್ಟ ಲೆಕ್ಕದ ಪುಸ್ತಕ ಗ್ರಾಮಸಭೆಯಲ್ಲಿ ನಮ್ಮ ಪರವಾಗಿ ಮಾತಾಡುತ್ತದೆ.

ದಯೆಯನ್ನು ಬಸವಣ್ಣನವರು ಮಾತಿಗೆ ಬಿಡಲಿಲ್ಲ, ನಡೆಯಲ್ಲಿ ಕೇಳಿದರು. ಮಠದ ಅಂಗಳದಲ್ಲಿ ವರ್ಷಕ್ಕೊಮ್ಮೆ ಗೋವಿಗೆ ಹಾರ ಹಾಕುವುದು ಸುಲಭ. ಬಿಸಿಲಲ್ಲಿ ಆ ಮುದುಕನ ಜೊತೆ ಎರಡು ತಾಸು ನಡೆಯುವುದು ಕಾಯಕ. ಅವನನ್ನು 'ಅಜ್ಜಾ' ಎಂದು ಕರೆದು ಬುತ್ತಿ ಹಂಚಿಕೊಂಡರೆ ಅದೂ ದಾಸೋಹವೇ. ದನದ ಬೇನೆ ನಮಗೆ ಕಲಿಸುವವನೂ ಅವನೇ.

ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ ಗಾಯರಾಣದ ತೊಟ್ಟಿಯ ಹತ್ತಿರ ಇರುತ್ತೇನೆ. ಪುಸ್ತಕ, ಪೆನ್ನು ನಾನು ತರುತ್ತೇನೆ. ಇನ್ನಿಬ್ಬರು ಬನ್ನಿ.