ತಿಂಗಳ ಕೇಬಲ್ ದುಡ್ಡು, ಆಷಾಢದ ಕೈಸಾಲ

(ಕೃಷ್ಣರಾಜಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ ನಡೆದ ರೈತರ ಸಭೆಯಲ್ಲಿ ಬೇಸಾಯಶಾಸ್ತ್ರದ ಉಪನ್ಯಾಸಕರು ಮಾಡಿದ ಭಾಷಣದ ಬರಹರೂಪ)



ಬೇಸಾಯಶಾಸ್ತ್ರದ ಮೇಷ್ಟ್ರು ಬಂದು ಭತ್ತ, ರಾಗಿ, ಕಬ್ಬಿನ ಮಾತು ಬಿಟ್ಟು ಟಿ.ವಿ.ಯ ಮಾತು ಏಕೆ ಎತ್ತಿದರು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ಕಳೆದ ಮುಂಗಾರಿನಲ್ಲಿ ಇದೇ ಹೋಬಳಿಯ ಒಂದು ಗದ್ದೆಯನ್ನು ನೋಡಲು ಹೋಗಿದ್ದೆ. ನಾಟಿಯಾಗಿ ನಲವತ್ತೈದು ದಿನಗಳಾಗಿದ್ದವು. ಪೈರು ಹಳದಿಗೆ ತಿರುಗಿತ್ತು, ತೆಂಡೆಗಳು ಕಡಿಮೆ. ಮೂವತ್ತನೆಯ ದಿನಕ್ಕೆ ಕೊಡಬೇಕಾಗಿದ್ದ ಮೇಲುಗೊಬ್ಬರವನ್ನು ಇನ್ನೂ ಕೊಟ್ಟಿರಲಿಲ್ಲ. "ಯೂರಿಯಾ ಸಿಗಲಿಲ್ಲವೇ?" ಎಂದು ಕೇಳಿದೆ. "ಸಿಕ್ತಿತ್ತು ಸಾರ್, ಕೈಯಲ್ಲಿ ಕಾಸಿರಲಿಲ್ಲ" ಎಂದರು ಆ ಯಜಮಾನರು. ಆಮೇಲೆ ಅವರ ಮನೆಯ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದಾಗ ಕೇಬಲ್ ಹುಡುಗ ಬಂದ. ಒಳಗಿನಿಂದ ಮುನ್ನೂರು ರೂಪಾಯಿ ಬಂತು. ಆತ ಚೀಟಿ ಹರಿದುಕೊಟ್ಟು ಹೋದ. ಸರ್ಕಾರ ಗೊತ್ತುಪಡಿಸಿರುವ ದರದಲ್ಲಿ 45 ಕಿಲೋ ಬೇವು ಲೇಪಿತ ಯೂರಿಯಾ ಚೀಲದ ಬೆಲೆ 266 ರೂಪಾಯಿ 50 ಪೈಸೆ. ಯಜಮಾನರೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಾತನಾಡಲಿಲ್ಲ.

ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಟಿ.ವಿ. ಕೆಟ್ಟದ್ದೆಂದು ಹೇಳಲೂ ನಾನು ಬಂದಿಲ್ಲ. ಹಳ್ಳಿಗೆ ಟಿ.ವಿ. ಮೊದಲು ಬಂದದ್ದೇ ಬೇಸಾಯದ ಸಲುವಾಗಿ. 1967ರ ಜನವರಿ 26ರಂದು ದೆಹಲಿಯಲ್ಲಿ 'ಕೃಷಿ ದರ್ಶನ' ಆರಂಭವಾಯಿತು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಬೇಸಾಯ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳನ್ನು ತೋರಿಸಲಾಯಿತು. ನಮ್ಮ ರಾಜ್ಯದ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಇಡೀ ಊರಿಗೆ ಒಂದೇ ಪೆಟ್ಟಿಗೆ. ಯಾರೂ ತಿಂಗಳ ಬಾಡಿಗೆ ಕಟ್ಟುತ್ತಿರಲಿಲ್ಲ. ಕೇಬಲ್ ತಂತಿ ಹಳ್ಳಿಗೆ ಬಂದದ್ದು ಅನಂತರ. 2017ರಲ್ಲಿ ಗ್ರಾಮಾಂತರದ ಹಳೆಯ ಪದ್ಧತಿಯ ಕೇಬಲ್ ನಿಂತು ಪ್ರತಿ ಮನೆಗೂ ಸೆಟ್‌ಟಾಪ್ ಪೆಟ್ಟಿಗೆ ಬಂತು. ಆ ಮೇಲೆ ದುಡ್ಡು ಕಟ್ಟುವುದು ತಡವಾದರೆ ಚಿತ್ರ ತಾನಾಗಿಯೇ ನಿಲ್ಲುತ್ತದೆ. ಬೇರೆ ಬಾಕಿಗಳನ್ನು ಮುಂದಕ್ಕೆ ಹಾಕಬಹುದು, ಇದನ್ನು ಹಾಕುವಂತಿಲ್ಲ. ಆದ್ದರಿಂದಲೇ ಯೂರಿಯಾಕ್ಕಿಂತ ಮುಂಚೆ ಇದರ ಪಾವತಿ ಆಗುತ್ತದೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ನೌಕರಿಯಲ್ಲಿರುವ ನನ್ನಂಥವರಿಗೆ ತಿಂಗಳಿಗೊಮ್ಮೆ ಸಂಬಳ ಬರುತ್ತದೆ, ತಿಂಗಳಿಗೊಮ್ಮೆ ಖರ್ಚೂ ಬರುತ್ತದೆ. ರೈತನ ಮನೆಯ ಲೆಕ್ಕ ಹಾಗಿಲ್ಲ. ಭತ್ತದ ದುಡ್ಡು ಕೊಯ್ಲಾದ ಮೇಲೆ ಬರಬೇಕು. ಕಬ್ಬಿನ ದುಡ್ಡು ಬರಲು ವರ್ಷ ಕಳೆಯಬೇಕು, ಕಾರ್ಖಾನೆಯ ಪಾವತಿ ತಡವಾದರೆ ಇನ್ನೂ ಮುಂದೆ. ಮಧ್ಯೆ ಕೈಗೆ ಬರುವುದು ಡೇರಿಯ ಬಟವಾಡೆಯೊಂದೇ. ತಿಂಗಳ ಖರ್ಚುಗಳೆಲ್ಲ ಆ ಹಾಲಿನ ದುಡ್ಡಿನ ಮೇಲೆಯೇ ಬೀಳುತ್ತವೆ. ಹಿಂಡಿ, ಹುಲ್ಲು, ಔಷಧಿಯ ಖರ್ಚು ಕಳೆದು ಲೀಟರಿಗೆ 6 ರೂಪಾಯಿ ಉಳಿಯಿತೆಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಮುನ್ನೂರು ರೂಪಾಯಿ ಕೇಬಲ್‌ಗೆ 50 ಲೀಟರ್ ಹಾಲು ಕರೆಯಬೇಕು. ಅಷ್ಟೂ ಕೆಲಸ ಮನೆಯ ಹೆಂಗಸರದು.

ಆಷಾಢ ಬರುವ ಹೊತ್ತಿಗೆ ಹೀಗೆ ಕೈ ಖಾಲಿಯಾಗಿರುತ್ತದೆ. ನಾಲೆಗೆ ನೀರು ಬಿಡುವ ಸುದ್ದಿ ಬರುತ್ತದೆ. ಒಟ್ಟಲು ಹಾಕಬೇಕು, ಉಳುಮೆ ಮಾಡಿಸಬೇಕು, ಗೊಬ್ಬರ ತರಬೇಕು, ನಾಟಿ ಆಳುಗಳಿಗೆ ಕೂಲಿ ಕೊಡಬೇಕು. ಸಹಕಾರ ಸಂಘದ ಬೆಳೆಸಾಲ ಸಾಲದೆ ಹೋದಾಗ ಊರಲ್ಲೇ ಹತ್ತು ಸಾವಿರ ಕೈಸಾಲ ಮಾಡುವುದುಂಟು. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ನೂರಕ್ಕೆ 36 ಆಯಿತು. ಹತ್ತು ಸಾವಿರಕ್ಕೆ ತಿಂಗಳ ಬಡ್ಡಿ ಎಷ್ಟು? ಸರಿಯಾಗಿ ಮುನ್ನೂರು. ಕೇಬಲ್‌ಗೆ ಕೊಡುವುದೂ ಮುನ್ನೂರು, ಬಡ್ಡಿಗೆ ಕೊಡುವುದೂ ಮುನ್ನೂರು. ಇವೆರಡೂ ಒಂದೇ ಹಗ್ಗದ ಎರಡು ತುದಿಗಳು ಎಂಬುದನ್ನು ಮನಗಾಣಬೇಕು.

ಈಗ ನನ್ನ ಮನೆಯಲ್ಲೇ ಆದ ತಪ್ಪನ್ನು ಹೇಳಬೇಕು. ನಮ್ಮ ತಾಯಿ ಹಳ್ಳಿಯಲ್ಲಿ ಒಬ್ಬರೇ ಇರುತ್ತಾರೆ. ಎರಡು ವರ್ಷದ ಹಿಂದೆ ನಾನು ದೊಡ್ಡ ಲೆಕ್ಕಾಚಾರ ಮಾಡಿ, ಅವರನ್ನು ಒಂದು ಮಾತೂ ಕೇಳದೆ, ಕೇಬಲ್ ತೆಗೆಸಿಬಿಟ್ಟೆ. ಮುಂದಿನ ವಾರ ಹೋದಾಗ ಅವರು ಕತ್ತಲಲ್ಲಿ ಸುಮ್ಮನೆ ಕುಳಿತಿದ್ದರು. "ನೀನು ಉಳಿಸಿದ್ದು ಮುನ್ನೂರು ಕಣಪ್ಪ. ನನ್ನ ಸಂಜೆ ಹೊತ್ತು ಹೋಯ್ತಲ್ಲ, ಅದನ್ನ ಯಾವ ಲೆಕ್ಕಕ್ಕೆ ಬರ್ಕೊಂಡೆ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಒಂಟಿಯಾಗಿರುವ ಮುದುಕರಿಗೆ ಆ ಪೆಟ್ಟಿಗೆ ಮನೆಯಲ್ಲಿನ ಇನ್ನೊಂದು ಜೀವವಿದ್ದಂತೆ. ಆದ್ದರಿಂದ ಯಾವ ಖರ್ಚನ್ನು ಕಡಿಮೆ ಮಾಡಬೇಕಾದರೂ ಅದರಿಂದ ಕಳೆದುಕೊಳ್ಳುವವರು ಯಾರು ಎಂದು ಮೊದಲು ಕೇಳಬೇಕು. ಹೆಂಗಸರ ಧಾರಾವಾಹಿಯನ್ನು ನಿಲ್ಲಿಸಿ, ಗಂಡಸರು ಹೋಟೆಲಿನ ಟೀ, ಬೀಡಿ, ಮೊಬೈಲಿನ ಜೂಜನ್ನು ಮುಂದುವರಿಸಿದರೆ ಅದನ್ನು ಮಿತವ್ಯಯ ಎನ್ನಲಾಗದು. ಹಾಲು ಕರೆದವರಿಗೆ ಆ ದುಡ್ಡಿನ ಬಗ್ಗೆ ಮಾತನಾಡುವ ಹಕ್ಕು ಎಲ್ಲರಿಗಿಂತ ಮೊದಲು ಇದೆ.

ಹಾಗಾದರೆ ದಾರಿ ಏನು? ಮೂರು ದಾರಿಗಳಿವೆ.

ಮೊದಲನೆಯದು, ಕೇಬಲ್ ಇಟ್ಟುಕೊಂಡೇ ಖರ್ಚು ಇಳಿಸುವುದು. 2019ರ ಫೆಬ್ರವರಿಯಿಂದ ಟ್ರಾಯ್ ಸಂಸ್ಥೆಯ ನಿಯಮದಂತೆ ಬೇಕಾದ ವಾಹಿನಿಯನ್ನು ಮಾತ್ರ ಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ಗ್ರಾಹಕನಿಗಿದೆ. ಇಡೀ ಕಟ್ಟನ್ನೇ ತೆಗೆದುಕೊಳ್ಳಬೇಕೆಂಬ ಬಲವಂತವಿಲ್ಲ. ಮನೆಯಲ್ಲಿ ನಿಜವಾಗಿ ನೋಡುವ ವಾಹಿನಿಗಳು ಯಾವುವೆಂದು ಒಂದು ವಾರ ಬರೆದಿಟ್ಟು ನೋಡಿ. ಬಹಳ ಮನೆಗಳಲ್ಲಿ ಅವು ಐದಾರನ್ನು ಮೀರುವುದಿಲ್ಲ.

ಎರಡನೆಯದು, ದೂರದರ್ಶನದ ಫ್ರೀ ಡಿಷ್. 2004ರ ಡಿಸೆಂಬರ್‌ನಲ್ಲಿ ಆರಂಭವಾದ ಈ ಸೇವೆಗೆ ತಿಂಗಳ ಬಾಡಿಗೆ ಇಲ್ಲ. ಬುಟ್ಟಿ ಮತ್ತು ಪೆಟ್ಟಿಗೆಗೆ ಒಂದು ಸಲ ಖರ್ಚು ಮಾಡಿದರೆ ಆಯಿತು. ಕನ್ನಡದ ಚಂದನ ವಾಹಿನಿ ಮತ್ತು 2015ರ ಮೇ 26ರಂದು ಆರಂಭವಾದ ಡಿ.ಡಿ. ಕಿಸಾನ್ ಇದರಲ್ಲಿ ಸಿಗುತ್ತವೆ. ಆದರೆ ನಮ್ಮ ಹೆಂಗಸರು ನೋಡುವ ಖಾಸಗಿ ಕನ್ನಡ ವಾಹಿನಿಗಳಲ್ಲಿ ಹೆಚ್ಚಿನವು ಇದರಲ್ಲಿ ಬರುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡು ತೀರ್ಮಾನಿಸುವುದು ಒಳ್ಳೆಯದು. ನಮ್ಮ ತಾಯಿ ಕೊನೆಗೆ ಒಪ್ಪಿದ್ದು ಇದಕ್ಕೇ. ಪಕ್ಕದ ಮನೆಗೆ ಹೋಗಿ ಒಂದೇ ಒಂದು ಧಾರಾವಾಹಿ ನೋಡಿಕೊಂಡು ಬರುತ್ತಾರೆ. "ಮಾತಾಡೋಕೂ ಜನ ಸಿಕ್ತಾರೆ ಬಿಡು" ಎನ್ನುತ್ತಾರೆ.

ಮೂರನೆಯದು, ಪೂರ್ತಿ ಬಿಡುವುದು. ಮನೆಯವರೆಲ್ಲರೂ ಒಪ್ಪಿದರೆ ಮಾತ್ರ ಇದು ನಿಲ್ಲುತ್ತದೆ. ಬೇಸಾಯದ ತಿಳುವಳಿಕೆ ತಪ್ಪಿಹೋಗುವ ಭಯ ಬೇಡ. 'ಆಕಾಶವಾಣಿ' ಎಂಬ ಹೆಸರೇ ನಮ್ಮ ಪಕ್ಕದ ಮೈಸೂರಿನದು. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ನಿಲಯವನ್ನು ಆರಂಭಿಸಿದರು. ಇಂದಿಗೂ ರೇಡಿಯೋದ ಕೃಷಿ ಕಾರ್ಯಕ್ರಮವನ್ನು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಲೇ ಕೇಳಬಹುದು. ಅನುಮಾನ ಬಂದರೆ 1800-180-1551 ಸಂಖ್ಯೆಯ ಕಿಸಾನ್ ಕಾಲ್ ಸೆಂಟರಿಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಕೇಳಬಹುದು. ಮಂಡ್ಯದ ವಿ.ಸಿ. ಫಾರಂ ಕೂಡ ನಿಮ್ಮದೇ.

ಇನ್ನು ಉಳಿತಾಯದ ಲೆಕ್ಕಕ್ಕೆ ಬರೋಣ. ಫ್ರೀ ಡಿಷ್‌ಗೆ ಎಲ್ಲ ಸೇರಿ 1,800 ರೂಪಾಯಿ ಆಯಿತೆಂದು ಇಟ್ಟುಕೊಳ್ಳಿ. ಪೇಟೆಯಲ್ಲಿ ವಿಚಾರಿಸಿ ನಿಮ್ಮ ಅಂಕಿ ಹಾಕಿಕೊಳ್ಳಿ. ತಿಂಗಳಿಗೆ 300ರಂತೆ ಆರು ತಿಂಗಳಲ್ಲಿ ಆ ಖರ್ಚು ತೀರುತ್ತದೆ. ಮೊದಲ ವರ್ಷ ಉಳಿಯುವುದು 1,800. ಅನಂತರ ವರ್ಷಕ್ಕೆ 3,600. ಆಷಾಢದಲ್ಲಿ ಹತ್ತು ಸಾವಿರ ಬೇಕಾಗುವ ಮನೆ ಮೊದಲ ವರ್ಷ 8,200 ಸಾಲ ಮಾಡಿದರೆ ಸಾಕು. ಫಸಲು ಮಾರಿದಾಗ ನಿಧಿಯಿಂದ ತೆಗೆದಷ್ಟನ್ನು ತಿರುಗಿ ಕಟ್ಟಿದರೆ, ಎರಡನೆಯ ವರ್ಷ ನಿಧಿ 5,400 ಆಗುತ್ತದೆ, ಸಾಲ 4,600ಕ್ಕೆ ಇಳಿಯುತ್ತದೆ. ಮೂರನೆಯ ವರ್ಷ ನಿಧಿ 9,000, ಸಾಲ ಒಂದೇ ಸಾವಿರ. ನಾಲ್ಕನೆಯ ವರ್ಷ ಯಾರ ಮನೆಯ ಬಾಗಿಲಿಗೂ ಹೋಗಬೇಕಾಗಿಲ್ಲ. ಐದು ತಿಂಗಳ ಬಡ್ಡಿ ಮೊದಲಿದ್ದ 1,500 ರೂಪಾಯಿಯಿಂದ ಕ್ರಮವಾಗಿ 1,230, 690, 150ಕ್ಕೆ ಇಳಿದು ನಿಂತುಹೋಗುತ್ತದೆ.

ಇದು ದೊಡ್ಡ ಮೊತ್ತವಲ್ಲ, ನಿಜ. ಕೇಬಲ್ ಬಿಟ್ಟು ಯಾರೂ ಶ್ರೀಮಂತರಾಗುವುದಿಲ್ಲ. ಆದರೆ ಬೆಳೆಗೆ ಬೇಕಾಗುವುದು ದೊಡ್ಡ ಮೊತ್ತವಲ್ಲ. ಬೇಕಾದ ದಿನಕ್ಕೆ ಸಿಗುವ ಸಣ್ಣ ಮೊತ್ತ. ಭತ್ತಕ್ಕೆ ಶಿಫಾರಸಾದ ಸಾರಜನಕದಲ್ಲಿ ಅರ್ಧವನ್ನು ನಾಟಿ ಸಮಯದಲ್ಲಿಯೂ ಉಳಿದುದನ್ನು ಎರಡು ಕಂತುಗಳಲ್ಲಿ ಮೇಲುಗೊಬ್ಬರವಾಗಿಯೂ ಕೊಡಬೇಕೆಂದು ನಾವು ಹೇಳುತ್ತೇವೆ. ತೆಂಡೆ ಒಡೆಯುವ ಕಾಲ ದಾಟಿದ ಮೇಲೆ ಎರಡು ಚೀಲ ಸುರಿದರೂ ಕಳೆದುಹೋದ ತೆಂಡೆ ತಿರುಗಿ ಬರುವುದಿಲ್ಲ. ಕೊಯ್ಲಿನ ಹೊತ್ತಿಗೆ ಕಳೆ ಕಿತ್ತಂತೆ ಆಗುತ್ತದೆ.

ಉಳಿಸಿದ ದುಡ್ಡಿಗೆ ಒಂದು ಜಾಗ ಮತ್ತು ಒಂದು ಹೆಸರು ಇರಬೇಕು. ಇಲ್ಲದಿದ್ದರೆ ಮರಳಿಗೆ ಹಾಯಿಸಿದ ನೀರಿನಂತೆ ಇಂಗಿಹೋಗುತ್ತದೆ. ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು.

1. ಕೇಬಲ್ ಹುಡುಗ ಬರುತ್ತಿದ್ದ ದಿನವೇ ಆ ಮುನ್ನೂರನ್ನು ಸ್ತ್ರೀಶಕ್ತಿ ಸಂಘದ ಅಥವಾ ಸಹಕಾರ ಸಂಘದ ಉಳಿತಾಯ ಖಾತೆಗೆ ಕಟ್ಟಿ. ಆಷಾಢಕ್ಕೆ ಬೇಕಾಗುವ ದುಡ್ಡನ್ನು ಐದು ವರ್ಷದ ಠೇವಣಿಯಲ್ಲಿ ಇಡಬೇಡಿ. ಬೇಕಾದಾಗ ಕೈಗೆ ಬರುವುದಿಲ್ಲ.

2. ಖಾತೆ ಮನೆಯ ಹೆಂಗಸಿನ ಹೆಸರಿನಲ್ಲಿರಲಿ.

3. ಕೇಬಲ್ ಬಿಟ್ಟು ಮೊಬೈಲಿಗೆ ಹೆಚ್ಚಿನ ರೀಚಾರ್ಜ್ ಮಾಡಿಸಬೇಡಿ. ಒಂದು ತೂತು ಮುಚ್ಚಿ ಇನ್ನೊಂದು ತೂತು ತೆರೆದಂತಾಗುತ್ತದೆ.

4. ಮೊದಲ ಆರು ತಿಂಗಳು ಡಿಷ್ ಖರ್ಚು ತೀರಲು ಬಿಡಿ. ಅನಂತರ ಬರುವ ಹಣದಲ್ಲಿ ಮೊದಲು ವಿಮೆ ಮಾಡಿಸಿ. ಗಂಡ ಹೆಂಡಿರಿಬ್ಬರಿಗೆ ತಲಾ 20 ರೂಪಾಯಿಯ ಅಪಘಾತ ವಿಮೆ, ಐವತ್ತು ವರ್ಷದೊಳಗಿನವರಾದರೆ ತಲಾ 436 ರೂಪಾಯಿಯ ಜೀವನ ಜ್ಯೋತಿ ವಿಮೆ, 2022ರಲ್ಲಿ ಮತ್ತೆ ಜಾರಿಗೆ ಬಂದಾಗ ಗ್ರಾಮೀಣ ಸಹಕಾರ ಸದಸ್ಯರ ನಾಲ್ವರ ಕುಟುಂಬಕ್ಕೆ 500 ರೂಪಾಯಿ ಇದ್ದ ಯಶಸ್ವಿನಿ: ಎಲ್ಲ ಸೇರಿ 1,412. ಐದು ತಿಂಗಳ ಕೇಬಲ್ ದುಡ್ಡಿಗಿಂತ ಕಡಿಮೆ. ವಿಮೆ ಮಾಡಿಸಿದರೆ ನಾನು ಹೇಳಿದ ನಿಧಿ ಬೆಳೆಯಲು ಇನ್ನೂ ಒಂದೆರಡು ವರ್ಷ ಹಿಡಿಯುತ್ತದೆ. ಹಿಡಿಯಲಿ. ಆಸ್ಪತ್ರೆಗಾಗಿ ಮಾಡುವ ಸಾಲ ಗೊಬ್ಬರದ ಸಾಲಕ್ಕಿಂತ ದೊಡ್ಡದು.

5. ಬೆಳೆಸಾಲವನ್ನು ವಾಯಿದೆಯೊಳಗೆ ತೀರಿಸಿ. ಒಂದು ದಿನ ತಪ್ಪಿದರೂ ಬಡ್ಡಿ ರಿಯಾಯಿತಿ ಕೈತಪ್ಪಬಹುದು.

ಕೇಬಲನ್ನು ನಾನು ಉದಾಹರಣೆಗೆ ತೆಗೆದುಕೊಂಡೆ ಅಷ್ಟೆ. ನಿಮ್ಮ ಮನೆಯಲ್ಲಿ ಆ ಮುನ್ನೂರು ಬೇರೆ ಯಾವುದಕ್ಕೋ ಹೋಗುತ್ತಿರಬಹುದು. ಒಂದು ನೋಟ್‌ಬುಕ್ ತೆಗೆದುಕೊಂಡು ತಿಂಗಳ ಖರ್ಚನ್ನು ಒಂದು ಕಡೆ, ಬಟವಾಡೆಯನ್ನು ಇನ್ನೊಂದು ಕಡೆ ಬರೆಯಿರಿ. ಬರೆಯುವಾಗ ಮನೆಯವರೆಲ್ಲ ಎದುರಿಗಿರಲಿ. ಅಕ್ಷರ ಬಲ್ಲ ಮಗನೋ ಮಗಳೋ ಬರೆಯಲಿ.

ಆ ಹಳದಿ ಪೈರಿನ ಯಜಮಾನರು ಇಂದು ಇಲ್ಲೇ ಕುಳಿತಿದ್ದಾರೆ. ಹೆಸರು ಹೇಳುವುದಿಲ್ಲ. ಈ ಸಲ ಅವರ ಮನೆಯಲ್ಲಿ ವಾಹಿನಿಗಳು ಕಡಿಮೆಯಾಗಿವೆ, ಪೂರ್ತಿ ನಿಂತಿಲ್ಲ. ನಾಟಿಯಾದ ಮೂವತ್ತನೆಯ ದಿನ ಬರಲಿ, ಯೂರಿಯಾ ಚೀಲ ಗದ್ದೆಯ ಬದುವಿನ ಮೇಲಿದೆಯೇ ಎಂದು ನೋಡಲು ನಾನೇ ಬರುತ್ತೇನೆ. ನಿಮ್ಮ ನೋಟ್‌ಬುಕ್‌ಗಳನ್ನೂ ಅಂದು ತನ್ನಿ. ಒಟ್ಟಿಗೆ ಕುಳಿತು ಲೆಕ್ಕ ನೋಡೋಣ.