ಯಮನೂರಿನ ಬಿರುಕು, ಮಂಗಳನ ಬಿರುಕು



ಇವತ್ತು ರಾಜಕೀಯ ಬೇಡ. ಇವತ್ತು ಮಣ್ಣಿನ ಮಾತು. ಇಲ್ಲಿನ ಮಣ್ಣಿನದ್ದೂ ಹೌದು, ಮೇಲಿನ ಮಣ್ಣಿನದ್ದೂ ಹೌದು.

ಧಾರವಾಡ ಜಿಲ್ಲೆ ನವಲಗುಂದ ತಾಲೂಕಿನ ಯಮನೂರು ನಿಮಗೆಲ್ಲ ಗೊತ್ತು. ಕೆಲವರಿಗೆ ಅದು ಚಾಂಗದೇವನ ಊರು, ರಾಜಾಬಾಗಸವಾರನ ಊರು. ಹಿಂದೂಗಳು, ಮುಸಲ್ಮಾನರು ಇಬ್ಬರೂ ಬೆಣ್ಣಿಹಳ್ಳದಲ್ಲಿ ಮಿಂದು ಅಲ್ಲಿ ಕೈಮುಗಿಯುತ್ತಾರೆ. ಇನ್ನು ಟಿವಿ ನೋಡುವ ನಮಗೆ ಅದು 2016ರ ಜುಲೈ ಕೊನೆಯ ಊರು. ಮಹದಾಯಿ ನ್ಯಾಯಮಂಡಳಿ ಕರ್ನಾಟಕದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿತು. ನೀರಿಗಾಗಿ ಜನ ರಸ್ತೆಗಿಳಿದರು. ಆಮೇಲೆ ಯಮನೂರಿನ ಓಣಿಗಳಲ್ಲಿ ಪೊಲೀಸರ ಲಾಠಿ ಹೇಗೆ ಬೀಸಿತು ಅನ್ನೋದನ್ನ ಇಡೀ ರಾಜ್ಯ ನೋಡಿತು. ನಾವೇ ತೋರಿಸಿದೆವು.

ಆ ಭಾಗದ ಒಬ್ಬ ಹಿರಿಯ ರೈತರು ನನಗೊಂದು ಪ್ರಶ್ನೆ ಕೇಳಿದ್ದರು. ಅವರ ಮಾತಿನಲ್ಲೇ ಹೇಳ್ತೀನಿ. "ಅಲ್ರೀ ಸರ, ಮಂಗಳದಾಗ ನೀರಿತ್ತೋ ಇಲ್ಲೋ ಅಂತ ನೋಡಾಕ ಕೋಟಿಗಟ್ಟಲೆ ರೊಕ್ಕ ಸುರೀತಾರ. ನಮ್ಮ ಬೆಣ್ಣಿಹಳ್ಳದಾಗ ಕಣ್ಣಿಗೆ ಕಾಣೂ ನೀರೈತಿ. ಮಳಿಗಾಲದಾಗ ಹೊಲ ನುಂಗತೈತಿ, ಬ್ಯಾಸಗ್ಯಾಗ ಕುಡಿಯಾಕ ಹನಿ ಸಿಗೂದಿಲ್ಲ. ಇದನ್ನ ಯಾರು ಹುಡುಕವರು?"

ಉತ್ತರ ಕೊಡಲಿಲ್ಲ ನಾನು. ಹಾರಿಕೆಯ ಮಾತು ಆಡಿ ಬಂದೆ. ಇವತ್ತು ಉತ್ತರ ಕೊಡಬೇಕು.

ಮೊದಲು ಅವರ ಹೊಲದಿಂದಲೇ ಶುರು ಮಾಡೋಣ. ಯಮನೂರಿನ ಸುತ್ತ ಇರೋದು ಎರಿ ಭೂಮಿ, ಕಪ್ಪು ಮಣ್ಣು. ಮಳೆ ಬಿದ್ದರೆ ಉಬ್ಬುತ್ತೆ, ಕಾಲಿಟ್ಟರೆ ಕಾಲು ಬಿಡಲ್ಲ. ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತೆ. ಆ ಬಿರುಕಿನಲ್ಲಿ ಕೈ ಇಟ್ಟರೆ ಮೊಣಕೈವರೆಗೂ ಇಳಿಯುತ್ತೆ. ಯಾಕೆ ಹೀಗೆ? ಈ ಮಣ್ಣಿನಲ್ಲಿ ಸ್ಮೆಕ್ಟೈಟ್ ಅನ್ನೋ ಗುಂಪಿನ ಜೇಡಿ ಖನಿಜ ಹೆಚ್ಚಿದೆ. ಅದು ಪದರ ಪದರವಾಗಿರುತ್ತೆ. ಪದರಗಳ ನಡುವೆ ನೀರು ಹೊಕ್ಕರೆ ಹಿಗ್ಗುತ್ತೆ, ನೀರು ಆರಿದರೆ ಕುಗ್ಗುತ್ತೆ. ಇದು ನಮ್ಮ ರೈತರಿಗೆ ಪುಸ್ತಕ ಓದದೆ ಗೊತ್ತಿರುವ ವಿಜ್ಞಾನ.

ಈಗ ಮಂಗಳಕ್ಕೆ ಬನ್ನಿ. 2012ರ ಆಗಸ್ಟ್‌ನಲ್ಲಿ ಅಮೆರಿಕದ ನಾಸಾ ಕ್ಯೂರಿಯಾಸಿಟಿ ಅನ್ನೋ ಗಾಡಿಯನ್ನು ಮಂಗಳನ ಗೇಲ್ ಕುಳಿಯಲ್ಲಿ ಇಳಿಸಿತು. ಅದು ಕಲ್ಲು ಕೊರೆದು ಪುಡಿ ತೆಗೆದು ಪರೀಕ್ಷೆ ಮಾಡಿತು. ಅಲ್ಲೇನು ಸಿಕ್ಕಿತು ಗೊತ್ತಾ? ಅದೇ ಸ್ಮೆಕ್ಟೈಟ್ ಗುಂಪಿನ ಜೇಡಿ! ನೀರಿಲ್ಲದೆ ಈ ಜೇಡಿ ಹುಟ್ಟಲ್ಲ. ಒಂದು ಕಾಲದಲ್ಲಿ ಅಲ್ಲಿ ಕೆರೆ ಇತ್ತು, ಕೆಸರು ಇತ್ತು ಅನ್ನೋದಕ್ಕೆ ಅದು ಸಾಕ್ಷಿ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2023ರ ಆಗಸ್ಟ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಇನ್ನೊಂದು ಅಧ್ಯಯನ ಬಂತು. ಕ್ಯೂರಿಯಾಸಿಟಿ ಕೆಸರಿನ ಬಿರುಕುಗಳನ್ನು ಕಂಡಿತ್ತು. ಕೆಸರು ಗಟ್ಟಿಯಾಗಿ ಕಲ್ಲಾಗಿದೆ, ಬಿರುಕು ಮಾತ್ರ ಹಾಗೇ ಉಳಿದಿದೆ. ವಯಸ್ಸು 350 ಕೋಟಿ ವರ್ಷಕ್ಕೂ ಹೆಚ್ಚು. ವಿಶೇಷ ಏನಪ್ಪಾ ಅಂದ್ರೆ ಬಿರುಕಿನ ಆಕಾರ. ಕೆಸರು ಒಂದೇ ಸಲ ಒಣಗಿದರೆ ಒಂದು ಬಿರುಕು ಇನ್ನೊಂದಕ್ಕೆ ನೆಟ್ಟಗೆ ಹೋಗಿ ಢಿಕ್ಕಿ ಹೊಡೆಯುತ್ತೆ. ನೆನೆದು ಒಣಗಿ, ಮತ್ತೆ ನೆನೆದು ಮತ್ತೆ ಒಣಗಿದರೆ ಮೂರು ಬಿರುಕು ಒಂದೆಡೆ ಕವಲೊಡೆದಂತೆ ಕೂಡುತ್ತವೆ, ಜೇನುಗೂಡಿನ ಹಾಗೆ ಆರು ಮೂಲೆಯ ಮನೆ ಮೂಡುತ್ತೆ. ಮಂಗಳದಲ್ಲಿ ಕಂಡಿದ್ದು ಜೇನುಗೂಡು. ಅಂದರೆ ಅಲ್ಲಿ ನೀರು ಬಂದು ಹೋಗ್ತಾ ಇತ್ತು, ಮತ್ತೆ ಬರ್ತಾ ಇತ್ತು. ಒಂದು ರೀತಿಯ ಮಳೆಗಾಲ, ಬೇಸಿಗೆ.

ಯಮನೂರಿನ ರೈತ ಬೇಸಿಗೆಯಲ್ಲಿ ನೆಲ ನೋಡಿ, ಹಸಿ ಎಷ್ಟು ಆಳದಲ್ಲಿದೆ ಅಂತ ಹೇಳಬಲ್ಲ. ಗ್ರಹಗಳ ಭೂವಿಜ್ಞಾನಿ ಮಾಡೋದು ಅದೇ ಕೆಲಸ. ವ್ಯತ್ಯಾಸ ಇಷ್ಟೇ, ಅವನಿಗೆ ಹೊಲಕ್ಕೆ ಹೋಗೋಕೆ ಆಗಲ್ಲ. ಚಿತ್ರ ನೋಡಿ ನಕ್ಷೆ ಬರೀಬೇಕು.

ನಕ್ಷೆ ಹೇಗೆ ಬರೀತಾರೆ? ಲೆಕ್ಕ ಬಹಳ ಸರಳ. ಮೇಲಿರುವ ಪದರ ಹೊಸದು, ಕೆಳಗಿನದು ಹಳೆಯದು. ಒಂದು ಕುಳಿ ಇನ್ನೊಂದರ ಅಂಚನ್ನು ಮುರಿದಿದ್ದರೆ ಮುರಿದದ್ದು ಕಿರಿಯದು. ಕುಳಿಗಳು ಹೆಚ್ಚಿದ್ದರೆ ಆ ನೆಲ ಹಳೆಯದು, ಯಾಕಂದ್ರೆ ಅದು ಹೆಚ್ಚು ಕಾಲ ಹೊಡೆತ ತಿಂದಿದೆ. ಕುಳಿ ಕಡಿಮೆ ಇದ್ದರೆ ನಂತರ ಲಾವಾ ಹರಿದೋ ಬೇರೆ ರೀತಿಯಲ್ಲೋ ಹಳೆಯ ಗುರುತು ಮುಚ್ಚಿದೆ. ಒಂದೊಂದು ಬಗೆಯ ನೆಲಕ್ಕೆ ಒಂದೊಂದು ಬಣ್ಣ ಹಾಕ್ತಾ ಹೋದರೆ ನಕ್ಷೆ ಆಯ್ತು. ಆ ಗ್ರಹದ ಇತಿಹಾಸವೂ ಆಯ್ತು.

ಇದರಲ್ಲಿ ನಮ್ಮ ಪಾಲೇನು? 2023ರ ಆಗಸ್ಟ್ 23ರ ಸಂಜೆ ನೆನಪಿದೆ ತಾನೇ? ಬೆಂಗಳೂರಿನ ಪೀಣ್ಯದ ನಿಯಂತ್ರಣ ಕೇಂದ್ರ, ಚಂದ್ರಯಾನ-3, ಚಪ್ಪಾಳೆ. ನಾವು ಪಟಾಕಿ ತೋರಿಸಿ ಸುಮ್ಮನಾದೆವು. ನಿಜವಾದ ಸುದ್ದಿ ಬಂದಿದ್ದು ಒಂದು ವರ್ಷದ ಮೇಲೆ, 2024ರ ಆಗಸ್ಟ್‌ನಲ್ಲಿ. ಪ್ರಜ್ಞಾನ್ ಗಾಡಿ ಸುಮಾರು ನೂರು ಮೀಟರ್ ಓಡಾಡಿ 23 ಕಡೆ ಚಂದ್ರನ ಮಣ್ಣು ಪರೀಕ್ಷಿಸಿತ್ತು. ಆ ಮಾಹಿತಿಯನ್ನು ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ವಿಶ್ಲೇಷಿಸಿದರು. ಚಂದ್ರ ಹುಟ್ಟಿದ ಹೊಸದರಲ್ಲಿ ಕರಗಿದ ಕಲ್ಲಿನ ಸಮುದ್ರವಾಗಿದ್ದ. ಹಾಲು ಕಾಯಿಸಿದಾಗ ಕೆನೆ ಮೇಲೆ ಬರುವಂತೆ ಹಗುರ ಖನಿಜಗಳು ಮೇಲೆ ತೇಲಿ ಬಿಳಿಚು ಕಲ್ಲಿನ ತೊಗಟೆ ಆಯಿತು. ಅಮೆರಿಕದವರು ತಂದ ಕಲ್ಲುಗಳಿಂದ ಹುಟ್ಟಿದ ಈ ವಾದಕ್ಕೆ ದಕ್ಷಿಣ ಧ್ರುವದ ಕಡೆಯಿಂದ ಬಲ ಕೊಟ್ಟಿದ್ದು ನಮ್ಮ ಪುಟ್ಟ ಗಾಡಿ. ಆ ದಿನ ನಮ್ಮ ಚಾನೆಲ್ ಸೇರಿ ಎಷ್ಟು ಚಾನೆಲ್‌ಗಳು ಅದನ್ನು ಮೊದಲ ಸುದ್ದಿ ಮಾಡಿದವು? ನನ್ನನ್ನೂ ಸೇರಿಸಿಯೇ ಕೇಳ್ತಿದ್ದೀನಿ.

ಸರಿ, ಇದೆಲ್ಲ ನಮಗ್ಯಾಕೆ ಅಂತೀರಾ? ಧಾರವಾಡದ ಹೆಸರು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲೆಲ್ಲ ಇದೆ. 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿನ ಪುರಾತನ ಶಿಲೆಗಳಿಗೆ ಧಾರವಾಡದ ಹೆಸರನ್ನೇ ಕೊಟ್ಟ. ಅವು 250 ಕೋಟಿ ವರ್ಷಕ್ಕೂ ಹಳೆಯವು. ಅಷ್ಟು ಹಳೆಯ ಕಲ್ಲಿದ್ದರೂ ಭೂಮಿಯ ಬಾಲ್ಯದ ಪುಟಗಳು ನಮಗೆ ಸಿಗಲ್ಲ. ಮಳೆ, ಗಾಳಿ, ಭೂಖಂಡಗಳ ಓಡಾಟ ಎಲ್ಲ ಸೇರಿ ಅವನ್ನು ಅಳಿಸಿವೆ. ಚಂದ್ರನಲ್ಲಿ, ಮಂಗಳನಲ್ಲಿ ಆ ಪುಟಗಳು ಉಳಿದಿವೆ. ಮಂಗಳನ ಕಾಂತಕ್ಷೇತ್ರ ಹೋಯಿತು, ಗಾಳಿ ತೆಳುವಾಯಿತು, ನೀರು ಹೋಯಿತು. ನೀರಿದ್ದ ನೆಲ ಮರುಭೂಮಿಯಾಗೋದು ಕಥೆಯಲ್ಲ, ನಡೆದಿರುವ ಘಟನೆ. ಇದನ್ನು ತಿಳಿಯೋದು ದಂಡದ ಖರ್ಚಲ್ಲ.

ಆದರೆ ಆ ರೈತರ ಪ್ರಶ್ನೆ ಇನ್ನೂ ಹಾಗೇ ಇದೆ. ಅದನ್ನು ತಪ್ಪಿಸಿಕೊಳ್ಳಲ್ಲ.

ಚಂದ್ರಯಾನಕ್ಕೆ ಕೊಟ್ಟ ಹಣ ಬೆಣ್ಣಿಹಳ್ಳದ ಹಣವಲ್ಲ. ಚಂದ್ರಯಾನ-3ರ ಖರ್ಚು ಸುಮಾರು 615 ಕೋಟಿ. ಅದನ್ನು ಉಳಿಸಿದ್ದರೆ ಆ ದುಡ್ಡು ನೇರವಾಗಿ ನವಲಗುಂದಕ್ಕೆ ಬರ್ತಿತ್ತು ಅಂತ ಯಾರಾದ್ರೂ ಹೇಳಿದರೆ ನಂಬಬೇಡಿ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಅಂತಿಮ ತೀರ್ಪು ಕೊಟ್ಟಿತು. ಕರ್ನಾಟಕಕ್ಕೆ 13.42 ಟಿಎಂಸಿ, ಅದರಲ್ಲಿ ಕಳಸಾ, ಬಂಡೂರಿಯಿಂದ ಮಲಪ್ರಭೆಗೆ 3.9 ಟಿಎಂಸಿ. ಮುಂದಿನದ್ದು ಅನುಮತಿ, ಆಕ್ಷೇಪ, ಕೋರ್ಟು, ಪತ್ರಗಳ ಕಥೆ. ಅಲ್ಲಿ ಅಡ್ಡ ಬಂದಿದ್ದು ಮಂಗಳ ಗ್ರಹ ಅಲ್ಲ.

ಇನ್ನೊಂದು ಮಾತು ಕೇಳಿ. ಚಂದ್ರಯಾನ-2ರ ಕ್ಯಾಮೆರಾ ನೂರು ಕಿಲೋಮೀಟರ್ ಮೇಲಿಂದ ಚಂದ್ರನ ನೆಲದಲ್ಲಿ ಒಂದು ಅಡಿಯಷ್ಟು ಸಣ್ಣ ವಸ್ತುವನ್ನು ಗುರುತಿಸಬಲ್ಲದು. 1988ರಿಂದಲೇ ನಮ್ಮ ಸ್ವಂತ ದೂರಸಂವೇದಿ ಉಪಗ್ರಹಗಳು ಈ ದೇಶದ ನೆಲವನ್ನು ನೋಡ್ತಾ ಇವೆ. ಬೆಣ್ಣಿಹಳ್ಳ ಶಿಗ್ಗಾಂವಿ ತಾಲೂಕಿನ ದುಂಡಶಿ ಹತ್ತಿರ ಹುಟ್ಟಿ, ನವಲಗುಂದ ದಾಟಿ, ರೋಣ ತಾಲೂಕಿನಲ್ಲಿ ಮಲಪ್ರಭೆ ಸೇರುತ್ತೆ. ಅದು ಎಲ್ಲಿ ಹೂಳು ತುಂಬಿದೆ, ಎಲ್ಲಿ ಇಕ್ಕಟ್ಟಾಗಿದೆ, ಎಷ್ಟು ಮಳೆಗೆ ಯಾರ ಹೊಲ ಮುಳುಗುತ್ತೆ, ಇದನ್ನೆಲ್ಲ ಗೆರೆ ಎಳೆದು ತೋರಿಸುವ ವಿದ್ಯೆ ಇದೇ ನಾಡಿನಲ್ಲಿದೆ. ಮಂಗಳನ ಬತ್ತಿದ ನದಿಯ ದಾರಿ ಓದುವವರಿಗೆ ಹರಿಯುವ ಹಳ್ಳದ ದಾರಿ ಓದೋದು ಕಷ್ಟವಲ್ಲ.

ಅಂದಮೇಲೆ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು. "ಮಂಗಳಕ್ಕೆ ಯಾಕೆ ಹೋದಿರಿ" ಅಂತಲ್ಲ. "ಅಷ್ಟು ಬಲ್ಲವರು ನಮ್ಮಲ್ಲಿರುವಾಗ ನಮ್ಮ ಹಳ್ಳ ಯಾಕೆ ಹೀಗಿದೆ" ಅಂತ. ಈ ಪ್ರಶ್ನೆ ಕೇಳಬೇಕಾದ್ದು ವಿಜ್ಞಾನಿಯನ್ನಲ್ಲ. ವೋಟು ಕೇಳೋಕೆ ಬರುವವರನ್ನು. ವಿಜ್ಞಾನಿ ನಕ್ಷೆ ಕೊಡಬಲ್ಲ. ನಕ್ಷೆ ಹಿಡಿದು ಹೂಳು ತೆಗೆಸಬೇಕಾದವರು ಬೇರೆ.

ಕೊನೆಗೊಂದು ವಿಷಯ. ಮಂಗಳನ ಸಣ್ಣ ಕುಳಿಗಳಿಗೆ ಭೂಮಿಯ ಸಣ್ಣ ಊರುಗಳ ಹೆಸರಿಡ್ತಾರೆ. ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಊರಾಗಿರಬೇಕು ಅನ್ನೋದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಪದ್ಧತಿ. ನಮ್ಮ ಬಳ್ಳಾರಿ ಪಕ್ಕದ ರಾಯದುರ್ಗದ ಹೆಸರಿನ ಕುಳಿ ಮಂಗಳದಲ್ಲಿದೆ. ದೊಡ್ಡ ಬೆಂಗಳೂರಿಗೆ ಆ ಅರ್ಹತೆ ಇಲ್ಲ, ಯಮನೂರಿಗೆ ಇದೆ! ಆದರೆ ಹೆಸರು ಸುಮ್ಮನೆ ಇಡಲ್ಲ. ಆ ಕುಳಿಯನ್ನು ಅಧ್ಯಯನ ಮಾಡುವವರಿಗೆ ಅದರ ಬಗ್ಗೆ ಬರೆಯೋಕೆ ಒಂದು ಹೆಸರು ಬೇಕಾಗಬೇಕು, ಆಗ ಅವರು ಕೇಳ್ತಾರೆ.

ಹಾಗಾಗಿ ಯಮನೂರಿನ, ಅಣ್ಣಿಗೇರಿಯ, ಕುಂದಗೋಳದ ಶಾಲೆಯ ಮೇಷ್ಟ್ರುಗಳಿಗೆ ನನ್ನದೊಂದು ವಿನಂತಿ. ಬರುವ ಬೇಸಿಗೆಗೆ ರಜೆ ಸಿಗೋ ಮೊದಲು ಮಕ್ಕಳನ್ನು ಹೊಲಕ್ಕೆ ಕರ್ಕೊಂಡು ಹೋಗಿ. ಬಿರುಕು ತೋರಿಸಿ. ಎಷ್ಟು ಬಿರುಕು ನೆಟ್ಟಗೆ ಸೇರಿವೆ, ಎಷ್ಟು ಕವಲಾಗಿ ಸೇರಿವೆ ಅಂತ ಎಣಿಸೋಕೆ ಹೇಳಿ. ಇದಕ್ಕೆ ಲ್ಯಾಬ್ ಬೇಡ, ರೊಕ್ಕ ಬೇಡ. ಒಂದು ವಹಿ, ಒಂದು ಪೆನ್ಸಿಲ್ ಸಾಕು.

2016ರಲ್ಲಿ ಆ ಊರಿನ ಮಕ್ಕಳು ಬಾಗಿಲ ಸಂದಿಯಿಂದ ಲಾಠಿ ನೋಡಿದ್ದಾರೆ. ಅವರಲ್ಲಿ ಒಬ್ಬರಾದರೂ ಹಳ್ಳದ ನಕ್ಷೆ ಕೈಯಲ್ಲಿ ಹಿಡಿದು, ಕಚೇರಿಗೆ ಹೋಗಿ, ಟೇಬಲ್ ಮೇಲೆ ಹರಡಿ ಲೆಕ್ಕ ಕೇಳಲಿ. ಆಮೇಲೆ ಮಂಗಳಕ್ಕೆ ಬೇಕಾದರೂ ಹೋಗಲಿ.

ಆ ಹಿರಿಯರು ಈ ಕಾರ್ಯಕ್ರಮ ನೋಡ್ತಿದ್ದರೆ, ಯಜಮಾನ್ರೇ, ಉತ್ತರ ತಡವಾಯ್ತು. ಕ್ಷಮಿಸಿ.